ಚಳಿಗಿಂತ ಬೆವರಿಗೇ ಹೆದರಬೇಕು

1911ರ ಜುಲೈ. ಅಂಟಾರ್ಕ್ಟಿಕದಲ್ಲಿ ಅದು ನಡು ಚಳಿಗಾಲ, ಸೂರ್ಯ ಮುಖ ತೋರಿಸದ ಕಾಲ. ದಕ್ಷಿಣ ಧ್ರುವಕ್ಕೆ ಹೊರಟಿದ್ದ ಬ್ರಿಟನ್ನಿನ ಸ್ಕಾಟ್ ತಂಡದ ಮೂವರು, ವಿಲ್ಸನ್, ಬೋವರ್ಸ್ ಮತ್ತು ಚೆರಿ-ಗರಾರ್ಡ್, ಎಂಪರರ್ ಪೆಂಗ್ವಿನ್ ಮೊಟ್ಟೆ ತರಲು ಕತ್ತಲಲ್ಲೇ ಹೊರಟಿದ್ದರು. ಜಾರುಬಂಡಿಗೆ ನಾಯಿಗಳಿಲ್ಲ, ತಾವೇ ಎಳೆಯಬೇಕು. ಒಂದು ಬೆಳಿಗ್ಗೆ ಚೆರಿ-ಗರಾರ್ಡ್ ಡೇರೆಯಿಂದ ಹೊರಬಂದು ಸುತ್ತ ನೋಡಲೆಂದು ತಲೆ ಎತ್ತಿದರು. ಮತ್ತೆ ತಗ್ಗಿಸಲು ಹೋದರೆ ಆಗಲಿಲ್ಲ. ಹದಿನೈದು ಸೆಕೆಂಡಿನಷ್ಟರಲ್ಲಿ ಮೈಮೇಲಿನ ಬಟ್ಟೆ ಹಲಗೆಯಾಗಿತ್ತು. ಮುಂದಿನ ನಾಲ್ಕು ಗಂಟೆ ಅವರು ತಲೆ ಎತ್ತಿಕೊಂಡೇ ಬಂಡಿ ಎಳೆದರು. ಆಮೇಲಿಂದ ಮೂವರೂ ಹುಷಾರಾದರು. ಹೊರಬಂದ ಕೂಡಲೇ ಬಂಡಿ ಎಳೆಯುವ ಭಂಗಿಯಲ್ಲಿ ಬಾಗಿ ನಿಂತುಬಿಡುತ್ತಿದ್ದರು. ಬಟ್ಟೆ ಹೇಗೂ ಗಟ್ಟಿಯಾಗುತ್ತೆ, ಬೇಕಾದ ಆಕಾರದಲ್ಲೇ ಆಗಲಿ ಅಂತ.

ಆ ಬಟ್ಟೆಯನ್ನು ಕಲ್ಲು ಮಾಡಿದ್ದು ಹೊರಗಿನ ಹಿಮವಲ್ಲ. ಅವರದೇ ಬೆವರು, ಅವರದೇ ಉಸಿರಿನ ತೇವ. ಮಲಗುವ ಚೀಲಗಳದ್ದೂ ಅದೇ ಕಥೆ. ರಾತ್ರಿಯ ತೇವ ಹೆಪ್ಪುಗಟ್ಟಿ ಚೀಲಗಳು ದಿನದಿನಕ್ಕೆ ಭಾರವಾದವು. ಗಮನಿಸಬೇಕಾದ ಸಂಗತಿ ಎಂದರೆ ಆ ಚೀಲಗಳು ಹಿಮಸಾರಂಗದ ತುಪ್ಪಳದವು. ಭೂಮಿಯ ಇನ್ನೊಂದು ತುದಿಯಲ್ಲಿ, ಉತ್ತರ ಧ್ರುವದ ಕಡೆಯ ಹಿಮನಾಡಿನ ಮೂಲನಿವಾಸಿಗಳಾದ ಇನ್ಯೂಟ್ ಜನ ಅದೇ ಪ್ರಾಣಿಯ ಚರ್ಮ ಹೊದ್ದು ಸಾವಿರ ವರ್ಷದಿಂದ ಬಾಳಿಕೊಂಡು ಬಂದಿದ್ದರು. ಅಂದರೆ ಗುಟ್ಟು ಬರೀ ಚರ್ಮದಲ್ಲಿಲ್ಲ, ಅಲ್ವಾ?

ಬಟ್ಟೆ ತಾನಾಗಿ ಶಾಖ ಕೊಡುವುದಿಲ್ಲ. ಒಲೆ ನಮ್ಮ ದೇಹ. ಸುಮ್ನೆ ಕೂತಿದ್ದಾಗ ಅದು ಸುಮಾರು 100 ವ್ಯಾಟ್ ಶಾಖ ಹೊರಬಿಡುತ್ತೆ, ಹಳೇ ಕಾಲದ ದೊಡ್ಡ ಬಲ್ಬಿನಷ್ಟು. ಮೈಮುರಿದು ದುಡಿದರೆ ಅದರ ಐದು ಪಟ್ಟಿಗೂ ಹೋಗುತ್ತೆ. ಕಷ್ಟ ಇರುವುದೇ ಇಲ್ಲಿ. ಇನ್ಯೂಟ್ ಬೇಟೆಗಾರ, ಸೀಲ್ ಎಂಬ ಕಡಲ ಪ್ರಾಣಿ ಉಸಿರಾಡಲು ಮೇಲೆ ಬರುವ ಮಂಜುಗಡ್ಡೆಯ ತೂತಿನ ಪಕ್ಕ ಗಂಟೆಗಟ್ಟಲೆ ಅಲುಗಾಡದೆ ನಿಲ್ಲಬೇಕು. ಸ್ವಲ್ಪ ಹೊತ್ತಿಗೆ ನಾಯಿಬಂಡಿಯ ಪಕ್ಕ ಓಡಬೇಕು. ನಿಲ್ಲುವಾಗ ಸಾಕಾಗುವಷ್ಟು ಬೆಚ್ಚನೆಯ ಬಟ್ಟೆ ಓಡುವಾಗ ಬೆವರು ತರಿಸುತ್ತೆ. ಬೆವರು ಬಟ್ಟೆಯೊಳಗಿನ ಗಾಳಿಯ ಜಾಗ ಹಿಡಿಯುತ್ತೆ. ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ಜಾಸ್ತಿ ಶಾಖ ಸಾಗಿಸುತ್ತೆ. ಓಟ ನಿಲ್ಲಿಸಿದ ಮೇಲೆ ಆ ಒದ್ದೆಯೇ ಮನುಷ್ಯನನ್ನು ಕೊಲ್ಲುವುದು.

ಇನ್ಯೂಟ್ ಉಡುಪಿನ ಪ್ರತಿಯೊಂದು ಹೊಲಿಗೆಯೂ ಈ ಒಂದು ಸಮಸ್ಯೆಗೆ ಉತ್ತರ.

ಮೊದಲು ಚರ್ಮ. ಉತ್ತರ ಅಮೆರಿಕದ ಕಾಡು ಹಿಮಸಾರಂಗಕ್ಕೆ ಕ್ಯಾರಿಬು ಎಂದು ಹೆಸರು. ಅದರ ಕೂದಲಿನ ಒಳಗೆ ಪುಟ್ಟ ಪುಟ್ಟ ಗಾಳಿಗೂಡುಗಳಿವೆ. ಕೂದಲುಗಳ ನಡುವೆ ಗಾಳಿ, ಕೂದಲಿನೊಳಗೂ ಗಾಳಿ. ಹಾಗಂತ ಯಾವ ತಿಂಗಳ ಚರ್ಮವಾದರೂ ಆಗುವುದಿಲ್ಲ. ವಸಂತದಲ್ಲಿ ಒಂದು ಜಾತಿಯ ನೊಣದ ಮರಿಹುಳುಗಳು ಚರ್ಮ ಕೊರೆದು ತೂತು ಮಾಡಿರುತ್ತವೆ. ನಡುಚಳಿಗಾಲದ ಚರ್ಮ ತೀರಾ ದಪ್ಪ, ಹಾಸಿಗೆಗಷ್ಟೇ ಸರಿ. ಬೇಸಿಗೆ ಮುಗಿಯುವ ಹೊತ್ತಿಗೆ, ಆಗಸ್ಟ್‌-ಸೆಪ್ಟೆಂಬರ್‌ನಲ್ಲಿ, ತೂತುಗಳು ಮಾಗಿರುತ್ತವೆ, ಕೂದಲು ಹದವಾಗಿರುತ್ತೆ. ಇಡೀ ಮನೆಯ ಚಳಿಗಾಲ ಆ ಕೆಲವು ವಾರಗಳ ಬೇಟೆಯ ಮೇಲೆ ನಿಂತಿತ್ತು.

ಉಡುಪು ಎರಡು ಪದರ. ಒಳಗಿನದು ಅತಿಗಿ, ಅದರ ತುಪ್ಪಳ ಮೈಯ ಕಡೆಗೆ. ಹೊರಗಿನದು ಕುಲಿತ್ತಾಕ್, ಅದರ ತುಪ್ಪಳ ಹೊರಗಡೆಗೆ. ಎರಡೂ ಸಡಿಲ. ಎದೆಯ ಮೇಲೆ ಗುಂಡಿಯಿಲ್ಲ, ಸೀಳಿಲ್ಲ, ತಲೆಯಿಂದಲೇ ಹಾಕಿಕೊಳ್ಳಬೇಕು. ಅಂಗಿಯ ಅಂಚು ಚಡ್ಡಿಯೊಳಗೆ ಸಿಕ್ಕಿಸುವುದಿಲ್ಲ, ಹೊರಗೆ ಇಳಿಬಿಡುತ್ತಾರೆ. ನಮಗೆ ಇದು ದಡ್ಡತನ ಅನ್ನಿಸಬಹುದು, ಕೆಳಗಿಂದ ಚಳಿ ನುಗ್ಗುವುದಿಲ್ಲವೇ ಎಂದು. ಆದರೆ ಬಿಸಿ ಗಾಳಿ ಮೇಲಕ್ಕೇರುತ್ತೆ. ಕತ್ತಿನ ಹತ್ತಿರ ಮುಚ್ಚಿದ್ದರೆ ಅದು ಒಳಗೇ ನಿಲ್ಲುತ್ತೆ. ಓಡುವಾಗ ಅಂಗಿಗೇ ಹೊಲಿದ ಕುಲಾವಿಯನ್ನು ಹಿಂದೆ ತಳ್ಳಿ ಕತ್ತು ಸಡಿಲಿಸಿದರೆ ಸಾಕು, ಬಿಸಿ ಮತ್ತು ತೇವ ಎರಡೂ ಮೇಲಿಂದ ಹೊರಟುಹೋಗುತ್ತವೆ. ಅಡುಗೆಮನೆಯ ಹೊಗೆಗೂಡಿನ ಹಾಗೆ. ಬೆರಳು ಮರಗಟ್ಟಿದರೆ ತೋಳನ್ನು ಒಳಗೆಳೆದುಕೊಂಡು ಕೈಯನ್ನು ಹೊಟ್ಟೆಗೆ ಒತ್ತಿಕೊಳ್ಳಬಹುದು. ಅಷ್ಟು ಸಡಿಲ.

ಹೆಂಗಸರ ಅಂಗಿ ಅಮೌಟಿಯಲ್ಲಿ ಬೆನ್ನ ಮೇಲೆ ಮಗುವಿಗೊಂದು ಚೀಲ ಇರುತ್ತೆ. ಮಗು ಅಮ್ಮನ ಬೆನ್ನಿಗೆ ಅಂಟಿಕೊಂಡೇ ಬೆಚ್ಚಗಿರುತ್ತೆ. ಹೆಗಲು ಎಷ್ಟು ಅಗಲ ಎಂದರೆ, ಹಾಲು ಕುಡಿಸಲು ಮಗುವನ್ನು ಬಟ್ಟೆಯೊಳಗಿಂದಲೇ ಮುಂದಕ್ಕೆ ತಿರುಗಿಸಿಕೊಳ್ಳಬಹುದು. ನನ್ನನ್ನು ಕೇಳಿದರೆ ಈ ಇಡೀ ಉಡುಪಿನಲ್ಲಿ ಅತಿ ಜಾಣ ಕತ್ತರಿಕೆ ಇದೇ.

ಕುಲಾವಿಯ ಅಂಚಿನಲ್ಲಿ ತೋಳ ಅಥವಾ ವುಲ್ವರಿನ್ ಎಂಬ ಪ್ರಾಣಿಯ ಉದ್ದ ತುಪ್ಪಳ. ಅದು ಅಂದಕ್ಕಲ್ಲ. ಉಸಿರಿನ ತೇವ ಅದರ ಮೇಲೆ ಹೆಪ್ಪುಗಟ್ಟಿದರೂ ಕೈಯಲ್ಲಿ ಕೊಡವಿದರೆ ಉದುರಿಹೋಗುತ್ತೆ. ಉದ್ದ-ಗಿಡ್ಡ ಕೂದಲು ಬೀಸುವ ಗಾಳಿಯನ್ನು ಒಡೆದು, ಮುಖದ ಮುಂದೆ ನಿಂತ ಗಾಳಿಯ ಒಂದು ಪದರ ಉಳಿಸುತ್ತೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೇರೆ ಬೇರೆ ಬಗೆಯ ಅಂಚುಗಳನ್ನು ಗಾಳಿಸುರಂಗದಲ್ಲಿಟ್ಟು ಅಳೆದು ನೋಡಿದರು. ಸೂರ್ಯನ ಕಿರಣಗಳಂತೆ ಸುತ್ತಲೂ ಹರಡಿಕೊಳ್ಳುವ ಹಳೇ ಮಾದರಿಯೇ ಮುಖವನ್ನು ಚೆನ್ನಾಗಿ ಕಾಪಾಡಿತು.

ಬೂಟಿನ ಮಾತೇ ಬೇರೆ. ಕಾಲು ನೀರಿಗೆ ಬೀಳುವ ಕಾಲದಲ್ಲಿ ಕ್ಯಾರಿಬು ಚರ್ಮ ನಡೆಯುವುದಿಲ್ಲ, ಸೀಲ್ ಚರ್ಮವೇ ಬೇಕು. ಆದರೆ ಸೂಜಿ ಆಡಿದಲ್ಲೆಲ್ಲ ತೂತು ತಾನೇ? ಅದಕ್ಕೆ ಇನ್ಯೂಟ್ ಹೆಂಗಸರ ಉಪಾಯ ಇದು: ಸೂಜಿಯನ್ನು ಚರ್ಮದ ಅರ್ಧ ದಪ್ಪದವರೆಗೆ ಮಾತ್ರ ಇಳಿಸಿ, ಒಳಗೊಳಗೇ ಹಾಯಿಸಿ ಹೊರತೆಗೆಯುವುದು. ಒಳಗಿನ ಸಾಲಿನದು ಒಂದು ಹೊಲಿಗೆ, ಹೊರಗಿನದು ಇನ್ನೊಂದು, ಯಾವ ತೂತೂ ಆರುಪಾರು ಹೋಗುವುದಿಲ್ಲ. ದಾರ ಪ್ರಾಣಿಯ ಸ್ನಾಯುವಿನ ನಾರು. ಒದ್ದೆಯಾದರೆ ಉಬ್ಬಿ, ಇದ್ದಬದ್ದ ಸಂದನ್ನೂ ಮುಚ್ಚುತ್ತೆ. ಹತ್ತಿಯ ದಾರಕ್ಕೆ ಇಷ್ಟು ಬುದ್ಧಿ ಇಲ್ಲ.

ಇಷ್ಟಾದರೂ ತೇವ ಬಂದೇ ಬರುತ್ತೆ, ಅದಕ್ಕೆ ದಿನದ ಶಿಸ್ತು ಬೇಕು. ಒಳಗೆ ಕಾಲಿಡುವ ಮೊದಲು ಬಟ್ಟೆಗಂಟಿದ ಹಿಮವನ್ನು ಕೋಲಿನಿಂದ ಬಡಿದು ಉದುರಿಸಬೇಕು. ಬಿಸಿಗೆ ಹೋದರೆ ಅದು ಕರಗಿ ತುಪ್ಪಳಕ್ಕಿಳಿಯುತ್ತೆ. ಹೊರ ಅಂಗಿಯನ್ನು ಬಾಗಿಲ ಬಳಿಯ ತಣ್ಣನೆ ಜಾಗದಲ್ಲೇ ಬಿಡಬೇಕು. ಬೂಟು, ಕೈಗವಸುಗಳನ್ನು ಕಲ್ಲಿನ ಎಣ್ಣೆದೀಪದ ಮೇಲಿನ ಅಟ್ಟಣಿಗೆಯಲ್ಲಿ ಒಣಗಿಸಬೇಕು. ಸ್ಕಾಟನ ಜನರ ಬಳಿ ತುಪ್ಪಳವಿತ್ತು, ಇದನ್ನು ಒಣಗಿಸುವ ದಾರಿ ಇರಲಿಲ್ಲ.

ಕೆನಡಾದ ಉತ್ತರಕ್ಕೆ ಕಿಂಗ್ ವಿಲಿಯಂ ದ್ವೀಪ ಅಂತ ಒಂದಿದೆ. 1845ರಲ್ಲಿ ಬ್ರಿಟನ್ನಿನಿಂದ ಎರಡು ಹಡಗುಗಳಲ್ಲಿ ಹೊರಟ ಫ್ರಾಂಕ್ಲಿನ್ ಅನ್ವೇಷಣಾ ತಂಡದ 129 ಜನರಲ್ಲಿ ಒಬ್ಬರೂ ಮನೆಗೆ ಮರಳಲಿಲ್ಲ. ಅವರಲ್ಲಿ ಹಲವರ ಮೂಳೆ ಈ ದ್ವೀಪದಲ್ಲಿ ಸಿಕ್ಕವು. ಅವರನ್ನು ಬಟ್ಟೆಯೊಂದೇ ಕೊಲ್ಲಲಿಲ್ಲ, ಹಸಿವು-ಕಾಯಿಲೆ ಎಲ್ಲ ಸೇರಿತ್ತು. 1903ರಲ್ಲಿ ಅದೇ ದ್ವೀಪಕ್ಕೆ ನಾರ್ವೆಯ ಅನ್ವೇಷಕ ಅಮುಂಡ್ಸೆನ್ ಬಂದ, ಸುಮಾರು ಎರಡು ವರ್ಷ ಉಳಿದ. ಅಲ್ಲಿನ ನೆಟ್ಸಿಲಿಕ್ ಇನ್ಯೂಟರ ಬಟ್ಟೆ ಪಡೆದು, ಅವರಂತೆಯೇ ಸಡಿಲವಾಗಿ ಹಾಕಿಕೊಳ್ಳುವುದನ್ನು ಕಲಿತ. 1911ರ ಡಿಸೆಂಬರ್ 14ರಂದು ದಕ್ಷಿಣ ಧ್ರುವ ತಲುಪಿದ. ಆ ಯಾನಕ್ಕೂ ತುಪ್ಪಳದ ಉಡುಪು ಒಯ್ದಿದ್ದ. ಅವನ ಬಂಡಿ ಎಳೆದದ್ದು ನಾಯಿಗಳು, ಹಾಗಾಗಿ ಜನ ಬೆವರಿದ್ದೂ ಕಮ್ಮಿ.

ಟೊರಾಂಟೊ, ಎಡ್ಮಂಟನ್‌ ಕಡೆ ಇರುವ ಕನ್ನಡಿಗರು ಚಳಿಗಾಲದಲ್ಲಿ ಹಾಕುವ ಕುಲಾವಿಯ ಕೋಟಿನ ವಂಶ ಇದೇ. ಅನೋರಾಕ್ ಎಂಬ ಪದವಂತೂ ಗ್ರೀನ್‌ಲ್ಯಾಂಡಿನ ಇನ್ಯೂಟ್ ಭಾಷೆಯಿಂದಲೇ ಬಂದದ್ದು. ಮನೆ ಮುಂದಿನ ಹಿಮ ಎತ್ತಲು ಸಲಿಕೆ ಹಿಡಿಯುವ ಮೊದಲೇ ಜಿಪ್ ಇಳಿಸಬೇಕು ಎಂಬುದನ್ನು ಅಲ್ಲಿ ಹೊಸಬರು ಒಂದೆರಡು ಸಲ ನಡುಗಿದ ಮೇಲೆ ಕಲಿಯುತ್ತಾರೆ.

ಇವತ್ತು ಇನ್ಯೂಟರೂ ದಿನಬಳಕೆಗೆ ಅಂಗಡಿಯ ಕೋಟನ್ನೇ ಹಾಕುತ್ತಾರೆ. ಚರ್ಮ ಸಿಗುವುದೂ ಕಷ್ಟವಾಗಿದೆ. ಕ್ಯಾರಿಬು ಸಂಖ್ಯೆ ಕುಸಿದದ್ದರಿಂದ ಕೆನಡಾದ ಬಾಫಿನ್ ದ್ವೀಪದಲ್ಲಿ 2015ರ ಜನವರಿಯಲ್ಲಿ ಬೇಟೆಯನ್ನೇ ನಿಲ್ಲಿಸಿ, ಆಮೇಲೆ ಮಿತಿ ಹಾಕಿ ಮತ್ತೆ ಬೇಟೆಗೆ ಬಿಟ್ಟರು. ಆದರೂ ಚಳಿಗಾಲದಲ್ಲಿ ದೂರ ಹೋಗುವ ಬೇಟೆಗಾರರು ಹಲವೆಡೆ ಈಗಲೂ ಕ್ಯಾರಿಬು ಉಡುಪನ್ನೇ ಬಯಸುತ್ತಾರೆ. ಅದನ್ನು ಕಾಪಾಡುವುದು ಹೊಸ ತಲೆನೋವು. ಹೀಟರ್ ಇರುವ ಮನೆಯಲ್ಲಿಟ್ಟರೆ ಚರ್ಮ ಒಣಗಿ ಕೂದಲು ಉದುರುತ್ತೆ. ಹಾಗಾಗಿ ಬೇಸಿಗೆ ಬಂದರೆ ಅದನ್ನು ಮಡಚಿ, ಮಾಂಸದ ಪಕ್ಕ, ಫ್ರೀಜರಿನಲ್ಲಿ ಇಡುತ್ತಾರೆ.