ಶಾಸ್ತ್ರೀಯ ಅನುಬಂಧನ: ಬಕೆಟ್ ಸದ್ದಿಗೆ ಹಾಲು ಇಳಿಯುವುದೇಕೆ?

ಹಸು ಸಾಕಿದವರು ಇದನ್ನು ನೋಡಿರುತ್ತಾರೆ. ಕೆಚ್ಚಲಿಗೆ ಇನ್ನೂ ಕೈ ಹಾಕಿರುವುದಿಲ್ಲ. ಬಕೆಟ್ ಸದ್ದು ಕೇಳಿದರೆ ಸಾಕು, ಕೆಲವು ಹಸುಗಳ ಮೊಲೆಯಿಂದ ಹಾಲು ತೊಟ್ಟಿಕ್ಕುತ್ತದೆ. ಕರು ಬಾಯಿ ಹಾಕಿದಾಗ ಹಾಲು ಇಳಿಯುವುದು ಹುಟ್ಟುಗುಣ. ಬಕೆಟ್ ಸದ್ದಿಗೆ ಇಳಿಯುವುದು ಕಲಿತದ್ದು. ದಿನವೂ ಸದ್ದು ಮೊದಲು, ಕರೆಯುವುದು ಆಮೇಲೆ. ಹಾಗಾಗಿ ಎರಡಕ್ಕೂ ಹಸುವಿನ ಮೈಯಲ್ಲಿ ಗಂಟು ಬಿದ್ದಿದೆ.

ಈ ಗಂಟಿಗೇ ಶಾಸ್ತ್ರೀಯ ಅನುಬಂಧನ, ಅಂದರೆ ಕ್ಲಾಸಿಕಲ್ ಕಂಡೀಷನಿಂಗ್ ಎಂದು ಹೆಸರು. 'ಶಾಸ್ತ್ರೀಯ' ಅಂದಕೂಡಲೇ ಸಂಗೀತ ನೆನಪಾಗುತ್ತದೆ, ಅಲ್ವಾ? ಇಲ್ಲಿ ಅದಕ್ಕೆ 'ಮೊದಲಿನ, ಮೂಲ ಬಗೆಯ' ಎಂದಷ್ಟೇ ಅರ್ಥ.

ಇದನ್ನು ಅಳೆದು ತೋರಿಸಿದವರು ರಷ್ಯಾದ ಇವಾನ್ ಪಾವ್ಲೊವ್. 1904ರಲ್ಲಿ ಅವರಿಗೆ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ನಾಯಿಗಳ ಜೊಲ್ಲು ಅಳೆಯುವಾಗ, ಊಟ ಬಾಯಿಗೆ ಬೀಳುವ ಮುಂಚೆಯೇ ಅದು ಸುರಿಯುವುದನ್ನು ಅವರು ಗಮನಿಸಿದರು. ಆಮೇಲೆ ಮೆಟ್ರೊನೋಮ್‌ನ, ಅಂದರೆ ಸಂಗೀತದಲ್ಲಿ ಲಯ ಹಿಡಿಯಲು ಬಳಸುವ ಯಂತ್ರದ, ಟಿಕ್ ಟಿಕ್ ಕೇಳಿಸಿ ಊಟ ಕೊಟ್ಟರು. ಹಲವು ಸಲ ಹೀಗೆ ಮಾಡಿದ ಮೇಲೆ ಬರೀ ಟಿಕ್ ಟಿಕ್‌ಗೂ ಜೊಲ್ಲು ಬಂತು. ಊಟ ಕೊಡದೆ ಸುಮ್ನೆ ಸದ್ದು ಮಾಡುತ್ತಾ ಹೋದರೆ ಜೊಲ್ಲು ನಿಲ್ಲುತ್ತಿತ್ತು. ಬಿಡುವು ಕೊಟ್ಟು ಮತ್ತೆ ಕೇಳಿಸಿದರೆ ಮರಳಿ ಬರುತ್ತಿತ್ತು. ಕಲಿತದ್ದು ಅಳಿಸಿಹೋಗಿರಲಿಲ್ಲ, ಒಳಗೇ ಅಡಗಿತ್ತು.

ಯಾವ ಸೂಚನೆಯನ್ನಾದರೂ ಯಾವುದಕ್ಕೆ ಬೇಕಾದರೂ ಗಂಟು ಹಾಕಬಹುದು ಎಂದು ತುಂಬಾ ಜನ ನಂಬಿದ್ದರು. ಅಮೆರಿಕದ ಜಾನ್ ಗಾರ್ಸಿಯಾ 1966ರಲ್ಲಿ ಬೇರೆಯದನ್ನೇ ತೋರಿಸಿದರು. ಇಲಿಗಳು ರುಚಿ ಬೆರೆಸಿದ ನೀರು ಕುಡಿಯುವಾಗ ಬೆಳಕು, ಸದ್ದು ಮಾಡಿ, ಕೆಲವಕ್ಕೆ ಹೊಟ್ಟೆ ಕೆಡಿಸಿದರು, ಕೆಲವಕ್ಕೆ ಶಾಕ್ ಕೊಟ್ಟರು. ಹೊಟ್ಟೆ ಕೆಟ್ಟ ಇಲಿಗಳು ನೀರಿನ ರುಚಿಯನ್ನು ದೂರವಿಟ್ಟವು. ಕುಡಿಯುವಾಗ ಇದ್ದ ಬೆಳಕು, ಸದ್ದಿಗೆ ಹೆದರಲಿಲ್ಲ. ಶಾಕ್ ಹೊಡೆಸಿಕೊಂಡ ಇಲಿಗಳು ಉಲ್ಟಾ: ಬೆಳಕು, ಸದ್ದಿಗೆ ಹೆದರಿದವು, ರುಚಿಗಲ್ಲ.

ಇದು ಎಷ್ಟು ಉಪಯೋಗಕ್ಕೆ ಬಂತು ನೋಡಿ. ಕಬ್ಬಿನ ಕೀಟಗಳನ್ನು ತಿನ್ನಲಿ ಎಂದು 1935ರಲ್ಲಿ ಆಸ್ಟ್ರೇಲಿಯಾಕ್ಕೆ ಕೇನ್ ಟೋಡ್ ಎಂಬ ವಿಷದ ಕಪ್ಪೆ ತಂದರು. ಕ್ವೋಲ್ ಎಂಬ, ಮೈಮೇಲೆ ಬಿಳಿ ಚುಕ್ಕೆಯ ಪುಟ್ಟ ಬೇಟೆ ಪ್ರಾಣಿ ಅದನ್ನು ತಿಂದು ಸಾಯತೊಡಗಿತು. ಒಂದೇ ತಪ್ಪಿಗೆ ಜೀವ ಹೋದರೆ ಪಾಪ ಕಲಿಯುವುದೆಲ್ಲಿ? ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ವಿಷ ಏರದಷ್ಟು ಚಿಕ್ಕ ಸತ್ತ ಕಪ್ಪೆಗಳಿಗೆ ವಾಕರಿಕೆ ತರಿಸುವ ಔಷಧ ಸೇರಿಸಿ ಕ್ವೋಲ್‌ಗಳಿಗೆ ತಿನ್ನಿಸಿದರು. ಅವಕ್ಕೆ ಹೊಟ್ಟೆ ತೊಳಸಿತು, ಅಷ್ಟೇ. ಆಮೇಲೆ ಕಾಡಿಗೆ ಬಿಟ್ಟಾಗ, ಹೀಗೆ ಕಲಿತ ಕ್ವೋಲ್‌ಗಳು ಕಲಿಯದವುಗಳಿಗಿಂತ ಜಾಸ್ತಿ ದಿನ ಬದುಕಿದವು.