ಊರನ್ನೇ ಮೇಲೆತ್ತಿದ ಎಂಜಿನಿಯರ್: ಷಿಕಾಗೊದ ಕೊಳಚೆ ಮತ್ತು ಚೆಸ್‌ಬ್ರೊ ಬದುಕು

1860ರಲ್ಲಿ ಷಿಕಾಗೊ ನಗರದ ಲೇಕ್ ಸ್ಟ್ರೀಟ್‌ನಲ್ಲಿ ಕಲ್ಲು–ಇಟ್ಟಿಗೆಯ ಕಟ್ಟಡಗಳ ಸಾಲೊಂದನ್ನು ಇಡಿಯಾಗಿ ನೆಲದಿಂದ ಮೇಲಕ್ಕೆತ್ತಿದರು. ತೂಕ ಸುಮಾರು 35,000 ಟನ್. ಅಡಿಪಾಯದ ಕೆಳಗೆ 6,000 ತಿರುಪು ಜಾಕ್‌ಗಳು, ಅವುಗಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ 600 ಕೆಲಸಗಾರರು. ಸನ್ನೆ ಬಂದೊಡನೆ ಅಷ್ಟೂ ಜನ ತಮ್ಮ ಪಾಲಿನ ಜಾಕ್‌ಗಳನ್ನು ಒಂದೇ ಅಳತೆಯಲ್ಲಿ ತಿರುಗಿಸಬೇಕು. ಒಬ್ಬ ಹೆಚ್ಚು ತಿರುಗಿಸಿದರೂ ಗೋಡೆ ಬಿರುಕು ಬಿಡುತ್ತದೆ. ಐದು ದಿನಗಳಲ್ಲಿ ಇಡೀ ಸಾಲು ನಾಲ್ಕು ಅಡಿ ಎಂಟು ಅಂಗುಲ ಮೇಲೇರಿತು. ಮೇಲೆ ಅಂಗಡಿಗಳ ವ್ಯಾಪಾರ ಎಂದಿನಂತೆ ನಡೆದೇ ಇತ್ತು.

ಇಷ್ಟೆಲ್ಲ ಸಾಹಸ ಚರಂಡಿಗಾಗಿ! ಜಾಕ್ ತಿರುಗಿಸಿದವರು ಗುತ್ತಿಗೆದಾರರ ಆಳುಗಳು. ಆದರೆ ಊರು ಮೇಲೇಳಲೇಬೇಕು ಎಂಬ ಸ್ಥಿತಿಯನ್ನು ತಂದವರು ನಗರದ ಒಳಚರಂಡಿ ಮಂಡಳಿಯ ಮುಖ್ಯ ಎಂಜಿನಿಯರ್ ಎಲ್ಲಿಸ್ ಸಿಲ್ವೆಸ್ಟರ್ ಚೆಸ್‌ಬ್ರೊ.

1813ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಹುಟ್ಟಿದ ಚೆಸ್‌ಬ್ರೊ ಅವರಿಗೆ ಎಂಜಿನಿಯರಿಂಗ್ ಪದವಿ ಇರಲಿಲ್ಲ. ತಂದೆಯ ವ್ಯಾಪಾರ ಕುಸಿದು ಎಳೆಯ ವಯಸ್ಸಿನಲ್ಲೇ ಶಾಲೆ ಬಿಟ್ಟ ಹುಡುಗ, ರೈಲು ಮಾರ್ಗದ ಸರ್ವೆಯಲ್ಲಿ ಸರಪಳಿ ಹಿಡಿಯುವ ಕೆಲಸಕ್ಕೆ ಸೇರಿದ. ಕಲಿತದ್ದೆಲ್ಲ ಬಯಲಿನಲ್ಲಿ. ಮುಂದೆ ಅವರು ಬಾಸ್ಟನ್‌ನ ನೀರು ಸರಬರಾಜು ಯೋಜನೆಯಲ್ಲಿ ದುಡಿದು, ಆ ನಗರದ ಮೊದಲ ಸಿಟಿ ಎಂಜಿನಿಯರ್ ಆದರು. ಷಿಕಾಗೊ ಅವರನ್ನು ಕರೆಸಿಕೊಂಡದ್ದು 1855ರಲ್ಲಿ.

ಆಗಿನ ಷಿಕಾಗೊ ಹೇಗಿತ್ತು? ಮಿಷಿಗನ್ ಸರೋವರದ ದಡದಲ್ಲಿ, ನೀರಿನ ಮಟ್ಟಕ್ಕಿಂತ ಕೆಲವೇ ಅಡಿ ಎತ್ತರದ ಜವುಗು ನೆಲ. ಜನಸಂಖ್ಯೆ 1850ರಲ್ಲಿ ಸುಮಾರು 30,000; ಮುಂದಿನ ಹತ್ತು ವರ್ಷಗಳಲ್ಲಿ ಅದು 1,10,000 ದಾಟಲಿತ್ತು. ಬಿದ್ದ ಮಳೆ ಹರಿಯಲು ಇಳಿಜಾರಿಲ್ಲ. ಶೌಚಗುಂಡಿಗಳ ಹೊಲಸು ಮಳೆನೀರಿನೊಡನೆ ಬೀದಿಯಲ್ಲೇ ನಿಲ್ಲುತ್ತಿತ್ತು. 1854ರ ಕಾಲರಾ ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. ಮಂಡಳಿ ಹುಟ್ಟಿದ್ದೇ ಆ ಭಯದಲ್ಲಿ.

ಚೆಸ್‌ಬ್ರೊ ತಮ್ಮ ವರದಿಯಲ್ಲಿ ನಾಲ್ಕು ದಾರಿಗಳನ್ನು ತೂಗಿ ನೋಡಿದರು. ಕೊಳಚೆಯನ್ನು ಷಿಕಾಗೊ ನದಿಗೆ ಬಿಟ್ಟು ಅದರ ಮೂಲಕ ಸರೋವರ ಸೇರಿಸುವುದು. ನೇರವಾಗಿ ಸರೋವರಕ್ಕೇ ಬಿಡುವುದು. ತೊಟ್ಟಿಗಳಲ್ಲಿ ಸಂಗ್ರಹಿಸಿ ಹೊಲಗಳಿಗೆ ಗೊಬ್ಬರವಾಗಿ ಕೊಡುವುದು. ಇಲ್ಲವೇ ನದಿಗೆ ಬಿಟ್ಟು, ಅಲ್ಲಿಂದ ಹಡಗು ಓಡಾಡುವಷ್ಟು ದೊಡ್ಡ ಕಾಲುವೆಯ ಮೂಲಕ ಪಶ್ಚಿಮದ ಡೆಸ್ ಪ್ಲೇನ್ಸ್ ನದಿಯತ್ತ ಸಾಗಿಸುವುದು. ಕೊನೆಯದು ಕೈಗೆಟುಕದ ಖರ್ಚು. ಅವರು ಮೊದಲನೆಯದನ್ನು ಆರಿಸಿಕೊಂಡರು.

ಕೊಳವೆಯಲ್ಲಿ ನೀರು ತಾನಾಗಿ ಹರಿಯಬೇಕಾದರೆ ಇಳಿಜಾರು ಬೇಕು. ನೆಲದಲ್ಲಿ ಅದಿಲ್ಲದಿದ್ದರೆ ನೆಲವನ್ನೇ ಎತ್ತರಿಸಬೇಕು. ಹಾಗಾಗಿ ಒಳಚರಂಡಿಯನ್ನು ಬಹುಪಾಲು ಬೀದಿಯ ಮೇಲೆಯೇ ಕಟ್ಟಿ, ಮೇಲೆ ಮಣ್ಣು ಸುರಿದು, ಅದರ ಮೇಲೆ ಹೊಸ ರಸ್ತೆ ಮಾಡಿದರು. ಕೆಲವೆಡೆ ರಸ್ತೆ ಹತ್ತು ಅಡಿಯವರೆಗೂ ಏರಿತು. ರಸ್ತೆ ಏರಿದ ಮೇಲೆ ಮನೆ, ಹೋಟೆಲು, ಅಂಗಡಿಗಳು ತಗ್ಗಿನಲ್ಲಿ ಉಳಿದವು. ಜಾಕ್‌ಗಳು ಬಂದದ್ದು ಆಗ. ಒಂದು ಇಡೀ ನಗರಕ್ಕೆ ಯೋಜಿತ ಒಳಚರಂಡಿ ಜಾಲ ಎಂಬುದು ಅಮೆರಿಕಕ್ಕೆ ಹೊಸದು.

ಬೀದಿಗಳು ಒಣಗಿದವು, ನಿಜ. ಆದರೆ ಊರು ಕುಡಿಯುತ್ತಿದ್ದ ನೀರು ಅದೇ ಸರೋವರದ್ದು. ಅದನ್ನು ಎಳೆದುಕೊಳ್ಳುತ್ತಿದ್ದ ಕೊಳವೆಯ ಬಾಯಿ ಇದ್ದದ್ದು ದಡದ ಹತ್ತಿರವೇ. ನಲ್ಲಿ ತಿರುಗಿಸಿದರೆ ಸಣ್ಣ ಮೀನುಗಳು ಬೀಳುತ್ತಿದ್ದವು, ನೀರು ನಾರುತ್ತಿತ್ತು. ಕಾಲರಾ ಹರಡುವುದು ನೀರಿನಿಂದ ಎಂದು ಲಂಡನ್ನಿನಲ್ಲಿ ಜಾನ್ ಸ್ನೋ 1854ರಲ್ಲೇ ತೋರಿಸಿದ್ದರೂ, ಕೆಟ್ಟ ಗಾಳಿಯೇ ರೋಗಕ್ಕೆ ಮೂಲ ಎಂಬ ನಂಬಿಕೆ ಆಗಿನ್ನೂ ಗಟ್ಟಿಯಾಗಿತ್ತು. ಇದನ್ನು ನೆನೆದು ಚೆಸ್‌ಬ್ರೊ ಅವರನ್ನು ಮನ್ನಿಸಬಹುದು. ಆದರೆ ನನ್ನ ಗೌರವ ಹುಟ್ಟುವುದು ಬೇರೆ ಕಡೆ. ಅವರು ಊರು ಬಿಟ್ಟು ಹೋಗಲಿಲ್ಲ. ತಮ್ಮ ಆಯ್ಕೆ ತಂದಿಟ್ಟ ತೊಡಕನ್ನು ಬಿಡಿಸಲು ಮುಂದಿನ ಇಪ್ಪತ್ತು ವರ್ಷ ಅಲ್ಲೇ ದುಡಿದರು.

ಮೊದಲ ಪರಿಹಾರ, ಶುದ್ಧ ನೀರನ್ನು ದೂರದಿಂದ ತರುವುದು. 1864ರಲ್ಲಿ ಸರೋವರದ ತಳದ ಜೇಡಿಮಣ್ಣಿನಲ್ಲಿ ಸುರಂಗ ಅಗೆಯಲು ಆರಂಭಿಸಿದರು. ಉದ್ದ ಎರಡು ಮೈಲಿ, ಅಗಲ ಐದೇ ಅಡಿ. ಅಷ್ಟು ಇಕ್ಕಟ್ಟಿನಲ್ಲಿ ಆಳುಗಳು ಕೈಯಿಂದ ಅಗೆಯಬೇಕು, ಹಿಂದೆಯೇ ಇಟ್ಟಿಗೆ ಕಟ್ಟುತ್ತ ಬರಬೇಕು. ಮಣ್ಣನ್ನು ಹೊರಗೆಳೆಯಲು ಗಿಡ್ಡ ಹೇಸರಗತ್ತೆಗಳು. ದಡದಿಂದ ಒಂದು ತಂಡ, ಸರೋವರದ ನಡುವೆ ಇಳಿಸಿದ ಮರದ ಕಟ್ಟೆಯಿಂದ ಇನ್ನೊಂದು ತಂಡ. 1866ರ ಕೊನೆಯಲ್ಲಿ ನೀರಿನಡಿಯ ಕತ್ತಲಲ್ಲಿ ಎರಡೂ ಸಂಧಿಸಿದಾಗ ವ್ಯತ್ಯಾಸ ಒಂದು ಅಡಿಗಿಂತಲೂ ಕಡಿಮೆ. ಸರಪಳಿ ಹಿಡಿದು ಅಳತೆ ಕಲಿತ ಕೈ ಅದು! 1867ರ ಮಾರ್ಚ್‌ನಲ್ಲಿ ಸುರಂಗದ ನೀರು ಊರಿಗೆ ಬಂತು.

ಎರಡನೆಯದು ನದಿಯನ್ನೇ ತಿರುಗಿಸುವುದು. ಹರಿಯುವ ನೀರಿಗೆ ದೊಣ್ಣೆ ನಾಯಕನ ಅಪ್ಪಣೆ ಬೇಕಿಲ್ಲ ಎನ್ನುತ್ತೇವೆ. ಷಿಕಾಗೊ ನದಿಗೆ ಮಾತ್ರ ಅಂಥ ಅಪ್ಪಣೆಯೊಂದು ಹೊರಟಿತು. 1848ರಲ್ಲೇ ತೆರೆದಿದ್ದ ಇಲಿನಾಯ್–ಮಿಷಿಗನ್ ಕಾಲುವೆಯನ್ನು ಆಳ ಮಾಡಿದ್ದರಿಂದ 1871ರ ಜುಲೈನಲ್ಲಿ ನದಿ ಸರೋವರಕ್ಕೆ ಬೆನ್ನು ಹಾಕಿ ಪಶ್ಚಿಮಕ್ಕೆ ಹರಿಯಿತು. ಆ ಅಕ್ಟೋಬರ್‌ನಲ್ಲೇ ಮಹಾ ಅಗ್ನಿ ದುರಂತ ನಗರದ ಹೃದಯಭಾಗವನ್ನು ಸುಟ್ಟಿತು. ನದಿಯೂ ಹೆಚ್ಚು ಕಾಲ ಮಾತು ಕೇಳಲಿಲ್ಲ. ಕೆಲವೇ ವರ್ಷಗಳಲ್ಲಿ ಕೊಳಚೆ ಮತ್ತೆ ಸರೋವರದತ್ತ ಬಂತು.

ಚೆಸ್‌ಬ್ರೊ 1879ರಲ್ಲಿ ನಗರದ ಸೇವೆಯಿಂದ ಹೊರಬಂದರು; 1886ರಲ್ಲಿ ತೀರಿಕೊಂಡರು. ಅವರು ಖರ್ಚಿಗೆ ಹೆದರಿ ಬದಿಗಿಟ್ಟಿದ್ದ ನಾಲ್ಕನೆಯ ದಾರಿಯೇ ಕೊನೆಗೆ ಊರಿನ ದಾರಿಯಾಯಿತು. 28 ಮೈಲಿ ಉದ್ದದ ಹೊಸ ಕಾಲುವೆಗೆ 1900ರ ಜನವರಿ 2ರಂದು ಅವಸರದಲ್ಲಿ ನೀರು ಬಿಟ್ಟರು. ಅವಸರಕ್ಕೆ ಕಾರಣವಿತ್ತು: ಈ ಕೊಳಚೆ ಮಿಸಿಸಿಪ್ಪಿ ಸೇರಿ ಸೇಂಟ್ ಲೂಯಿಸ್ ಜನರ ನಲ್ಲಿಗೆ ಬರುತ್ತದೆಂದು ಮಿಸೌರಿ ರಾಜ್ಯ ನ್ಯಾಯಾಲಯದ ಮೆಟ್ಟಿಲು ಹತ್ತಲು ಸಜ್ಜಾಗಿತ್ತು. ಅದೇ ತಿಂಗಳು ದಾವೆ ಹೂಡಿಯೂ ಬಿಟ್ಟಿತು. 1906ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ದಾವೆಯನ್ನು ವಜಾ ಮಾಡಿತು. ಷಿಕಾಗೊದ ಕೊಳಚೆಯಿಂದಲೇ ರೋಗ ಹೆಚ್ಚಿತೆಂಬುದು ಸಾಬೀತಾಗಿಲ್ಲ ಎಂದಿತು. ಮಿಸೌರಿಯ ಊರುಗಳೂ ತಮ್ಮ ಹೊಲಸನ್ನು ನದಿಗೇ ಬಿಡುತ್ತಿರುವುದನ್ನು ಎತ್ತಿ ತೋರಿಸಿತು. ಕೊಳಚೆಯನ್ನು ಶುದ್ಧೀಕರಿಸಿ ಹೊರಬಿಡುವ ದೊಡ್ಡ ಘಟಕಗಳನ್ನು ಷಿಕಾಗೊ ಕಟ್ಟತೊಡಗಿದ್ದು 1920ರ ದಶಕದಲ್ಲಿ.