ಹೆಸರು ಅಪರೂಪದ್ದು, ಊರು ಗೊತ್ತಿಲ್ಲ: ಜರ್ಮನಿಯಿಂದ ಬಂದ ಮುತ್ತಜ್ಜನನ್ನು ಹುಡುಕುವುದು ಹೇಗೆ?

ಪ್ರಶ್ನೆ: ನಾನು ಧಾರವಾಡದವಳು. ಮದುವೆಯಾಗಿ ಅಮೆರಿಕದ ಒಹಾಯೋದಲ್ಲಿದ್ದೇನೆ. ನನ್ನ ಗಂಡನ ಮುತ್ತಜ್ಜ 1880ರ ಆಸುಪಾಸಿನಲ್ಲಿ ಜರ್ಮನಿಯಿಂದ ಬಂದವರಂತೆ. ಅವರ ಅಡ್ಡಹೆಸರು ತುಂಬಾ ಅಪರೂಪದ್ದು. ಅಮೆರಿಕದಲ್ಲಿ ಇವರ ಬಳಗ ಬಿಟ್ಟರೆ ಆ ಹೆಸರಿನವರು ಯಾರೂ ಸಿಗುವುದಿಲ್ಲ. ಜರ್ಮನಿಯಲ್ಲಿ ಹುಡುಕಿದರೆ ಅಲ್ಲೂ ಒಬ್ಬರೂ ಇಲ್ಲ! ಮಗಳು ಅಪ್ಪನ ಕಡೆಯ ಊರು ಯಾವುದು ಎಂದು ಕೇಳುತ್ತಾಳೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಒಹಾಯೋದಿಂದಲೇ ಶುರು ಮಾಡಿ. ಜರ್ಮನಿಯ ಸರದಿ ಆಮೇಲೆ.

ಹೆಸರು ಅಪರೂಪದ್ದು ಅಂದ ತಕ್ಷಣ ಅದನ್ನೇ ಹಿಡಿದುಕೊಂಡು ಸೀದಾ ಜರ್ಮನಿಯಲ್ಲಿ ಹುಡುಕಬೇಕು ಅನ್ನಿಸುತ್ತದೆ. ಆದರೆ ನಿಮಗೆ ಮೊದಲು ಸಿಗಬೇಕಾದ್ದು ಊರಿನ ಹೆಸರು. ಇಡೀ ದೇಶದ ಹುಟ್ಟು ಸಾವು ಒಂದೇ ಕಡೆ ಬರೆದಿಟ್ಟ ಪುಸ್ತಕ ಜರ್ಮನಿಯಲ್ಲಿ ಇಲ್ಲ. 1871ರವರೆಗೆ ಜರ್ಮನಿ ಒಂದು ದೇಶವೇ ಆಗಿರಲಿಲ್ಲ. ಪ್ರಷ್ಯಾ, ಬವೇರಿಯಾ, ವುರ್ಟೆಂಬರ್ಗ್, ಬಾಡೆನ್ ಹೀಗೆ ಬೇರೆ ಬೇರೆ ರಾಜ್ಯಗಳಿದ್ದವು. ಸರಕಾರಿ ಜನನ ನೋಂದಣಿ ದೇಶದ ತುಂಬ ಬಂದದ್ದು 1876ರ ಜನವರಿ 1ರಿಂದ. ಪ್ರಷ್ಯಾದಲ್ಲಿ ಸ್ವಲ್ಪ ಮುಂಚೆ, 1874ರ ಅಕ್ಟೋಬರ್‌ನಲ್ಲಿ. ನಿಮ್ಮ ಮುತ್ತಜ್ಜ ಅದಕ್ಕಿಂತ ಮೊದಲು ಹುಟ್ಟಿದವರು. ಹಾಗಾಗಿ ಅವರ ಹುಟ್ಟಿನ ದಾಖಲೆ ಇರುವುದು ಬಹುಮಟ್ಟಿಗೆ ಊರಿನ ಚರ್ಚಿನ ಪುಸ್ತಕದಲ್ಲಿ. ಊರು ಗೊತ್ತಿಲ್ಲದೆ ಆ ಪುಸ್ತಕ ತೆರೆಯುವುದು ಹೇಗೆ?

ಇನ್ನು ಹೆಸರಿನ ವಿಷಯ. ಜರ್ಮನಿಯಲ್ಲಿ ಒಬ್ಬರೂ ಇಲ್ಲ ಎಂದಿರಿ. ನನಗೆ ನಿಮ್ಮ ಪತ್ರದಲ್ಲಿ ತುಂಬಾ ಮುಖ್ಯ ಅನ್ನಿಸಿದ್ದು ಇದೇ ಮಾತು. ಅಲ್ಲಿ ಆ ಹೆಸರೇ ಇಲ್ಲ ಅಂದರೆ, ಅಮೆರಿಕಕ್ಕೆ ಬಂದ ಮೇಲೆ ಅದರ ರೂಪ ಬದಲಾಗಿರುವ ಸಾಧ್ಯತೆ ಜಾಸ್ತಿ. ಪಿಯಾನೋ ಮಾಡುವ ಸ್ಟೈನ್‌ವೇ ಮನೆತನ ಗೊತ್ತಲ್ವಾ? ಝೇಸನ್ ಎಂಬ ಊರಿನಿಂದ 1850ರಲ್ಲಿ ನ್ಯೂಯಾರ್ಕಿಗೆ ಬಂದಾಗ ಅವರು ಶ್ಟೈನ್‌ವೇಗ್ ಆಗಿದ್ದರು. ಅಂದರೆ ಕಲ್ಲು ದಾರಿ. ಕಲ್ಲು ಜರ್ಮನ್ ಆಗಿಯೇ ಉಳಿಯಿತು, ದಾರಿ ಮಾತ್ರ ಇಂಗ್ಲಿಷ್ ಆಯಿತು. ಅಧ್ಯಕ್ಷ ಐಸೆನ್‌ಹೋವರ್ ಅವರ ಹಿರಿಯರು 1741ರಲ್ಲಿ ಬಂದವರು. ಅವರ ಹೆಸರು ಐಸೆನ್‌ಹೌವರ್, ಕಬ್ಬಿಣ ಕಡಿಯುವವನು. ಇನ್ನು ಕೆಲವರು ಹೆಸರನ್ನು ಪೂರ್ತಿ ಅನುವಾದ ಮಾಡಿಕೊಂಡರು. ತ್ಸಿಮರ್‌ಮನ್ ಇದ್ದವರು ಕಾರ್ಪೆಂಟರ್ ಆದರು. ನಮ್ಮ ಕಡೆಯ ಬಡಿಗೇರ ಅನ್ನುವ ಅಡ್ಡಹೆಸರೇ ಅದು.

ಇದಕ್ಕಿಂತ ಸಣ್ಣ ಬದಲಾವಣೆಗಳೇ ಹೆಚ್ಚು ಕಾಡುತ್ತವೆ. ಜರ್ಮನ್‌ನಲ್ಲಿ ಯು, ಓ, ಎ ಅಕ್ಷರಗಳ ಮೇಲೆ ಎರಡು ಚುಕ್ಕೆ ಬರುತ್ತವೆ. ಅಮೆರಿಕದಲ್ಲಿ ಅವು ಉದುರಿಹೋದವು, ಇಲ್ಲವೇ ಪಕ್ಕದಲ್ಲಿ ಒಂದು ಇ ಸೇರಿತು. ಮಾತಿನಲ್ಲಿ ಬಿ ಪಿ ಆಗುತ್ತದೆ, ಡಿ ಟಿ ಆಗುತ್ತದೆ, ಜಿ ಕೆ ಆಗುತ್ತದೆ. ಕೈಬರಹದ ಕಾಟ ಬೇರೆ. ಕುರ್ರೆಂಟ್ ಎಂಬ ಹಳೆಯ ಜರ್ಮನ್ ಬರಹದಲ್ಲಿ ಸಣ್ಣ ಇ ಅಕ್ಷರ ನೋಡಲು ಎನ್ ತರ ಇರುತ್ತದೆ. ಅದನ್ನು ಓದಿ ಕಂಪ್ಯೂಟರಿಗೆ ಏರಿಸಿದವರು ಎಷ್ಟೋ ಕಡೆ ತಪ್ಪಿದ್ದಾರೆ. ಹಾಗಾಗಿ ಒಂದು ಹಾಳೆ ತೆಗೆದುಕೊಂಡು ಆ ಹೆಸರನ್ನು ಹತ್ತು ಹದಿನೈದು ರೀತಿಯಲ್ಲಿ ಬರೆದಿಟ್ಟುಕೊಳ್ಳಿ. ಪ್ರತಿ ಹುಡುಕಾಟಕ್ಕೂ ಆ ಹಾಳೆ ಪಕ್ಕದಲ್ಲಿರಲಿ.

ನ್ಯೂಯಾರ್ಕಿನಲ್ಲಿ ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ಎಲ್ಲಿಸ್ ದ್ವೀಪದ ಗುಮಾಸ್ತ ನಮ್ಮ ಹೆಸರು ಬದಲಿಸಿದ ಎಂಬ ಕಥೆ ಬಹಳ ಮನೆಗಳಲ್ಲಿದೆ. ಅದನ್ನು ನಂಬಬೇಡಿ. ಆ ಗುಮಾಸ್ತರ ಕೈಯಲ್ಲಿದ್ದದ್ದು ಹಡಗು ಕಂಪನಿಯವರು ಮೊದಲೇ ಬರೆದುಕೊಟ್ಟ ಪಟ್ಟಿ. ಅವರ ಕೆಲಸ ಅದನ್ನು ತಾಳೆ ನೋಡುವುದು. ಅಲ್ಲದೆ ಎಲ್ಲಿಸ್ ದ್ವೀಪ ತೆರೆದದ್ದೇ 1892ರ ಜನವರಿ 1ರಂದು. 1880ರ ಹೊತ್ತಿಗೆ ನ್ಯೂಯಾರ್ಕಿಗೆ ಬಂದವರು ಇಳಿದದ್ದು ಕ್ಯಾಸಲ್ ಗಾರ್ಡನ್ ಎಂಬ ಹಳೆಯ ವಲಸೆ ಕೇಂದ್ರದಲ್ಲಿ.

ಈಗ ಊರು ಹುಡುಕೋಣ. ಅಮೆರಿಕದ ಜನಗಣತಿ ನೋಡಿದರೆ ಅಲ್ಲಿ ಜರ್ಮನಿ ಅಥವಾ ಪ್ರಷ್ಯಾ ಎಂದಷ್ಟೇ ಇರುತ್ತದೆ. ಆದರೂ 1900ರದ್ದನ್ನು ಬಿಡಬೇಡಿ, ಅದರಲ್ಲಿ ಯಾವ ವರ್ಷ ಬಂದರು ಎಂದು ಬರೆದಿದೆ. 1890ರ ಜನಗಣತಿ ಬಹುತೇಕ ಸಿಗುವುದಿಲ್ಲ, 1921ರಲ್ಲಿ ಬೆಂಕಿಗೆ ಸಿಕ್ಕಿತು. ಪೌರತ್ವದ ಕಾಗದಗಳನ್ನೂ ತೆಗೆಸಿ. 1906ಕ್ಕಿಂತ ಮೊದಲಿನವುಗಳಲ್ಲಿ ಊರಿನ ಹೆಸರು ಸಿಗುವುದು ಅಪರೂಪ. ಆದರೆ ಯಾವ ರಾಜನ ಪ್ರಜೆಯಾಗಿದ್ದೆ, ಅದನ್ನು ಬಿಡುತ್ತೇನೆ ಎಂದು ಪ್ರಮಾಣ ಮಾಡಬೇಕಿತ್ತು. ಅಲ್ಲಿ ವುರ್ಟೆಂಬರ್ಗಿನ ರಾಜ ಎಂದಿದ್ದರೆ ಅರ್ಧ ಜರ್ಮನಿಯನ್ನು ಹುಡುಕುವ ಕೆಲಸ ಅಲ್ಲೇ ತಪ್ಪಿದಂತೆ.

ನಿಜವಾದ ನಿಧಿ ಇರುವುದು ಅಮೆರಿಕದ ಜರ್ಮನ್ ಚರ್ಚುಗಳಲ್ಲಿ. ಲೂಥರನ್ ಆಗಲಿ, ರಿಫಾರ್ಮ್ಡ್ ಆಗಲಿ, ಕ್ಯಾಥೊಲಿಕ್ ಆಗಲಿ, ಒಹಾಯೋದಲ್ಲಿ ಇಂಥ ಚರ್ಚುಗಳು ಬೇಕಾದಷ್ಟು. ಸರಕಾರಿ ಗುಮಾಸ್ತನಿಗೆ ಜರ್ಮನಿ ಅಂದರೆ ಸಾಕಿತ್ತು. ಪಾದ್ರಿ ಹಾಗಲ್ಲ, ಅವರೂ ಅದೇ ಸೀಮೆಯವರು. ಯಾರಾದರೂ ಬಂದರೆ ಯಾವ ಊರು ಎಂದು ಕೇಳುತ್ತಿದ್ದರು. ಮದುವೆ ಮತ್ತು ಸಾವಿನ ಪುಟಗಳಲ್ಲಿ ಎಷ್ಟೋ ಸಲ ಹಳ್ಳಿಯ ಹೆಸರನ್ನೇ ಬರೆದಿಟ್ಟಿದ್ದಾರೆ. ಜರ್ಮನ್ ಭಾಷೆಯ ಪತ್ರಿಕೆಗಳ ನಿಧನ ವಾರ್ತೆ, ಸಮಾಧಿಯ ಕಲ್ಲು, ಇವನ್ನೂ ನೋಡಿ.

ಮುತ್ತಜ್ಜ ಒಬ್ಬರನ್ನೇ ಹುಡುಕಬೇಡಿ. ಅವರ ಅಕ್ಕ ತಂಗಿ, ಅಣ್ಣ ತಮ್ಮ, ಪಕ್ಕದ ಮನೆಯವರು, ಮಕ್ಕಳ ದೀಕ್ಷಾಸ್ನಾನಕ್ಕೆ ಸಾಕ್ಷಿ ನಿಂತವರು, ಎಲ್ಲರನ್ನೂ ಹುಡುಕಿ. ಒಬ್ಬರು ಬಂದು ನೆಲೆ ನಿಂತರೆ ಅದೇ ಹಳ್ಳಿಯ ಹತ್ತು ಜನ ಹಿಂದೆಯೇ ಬರುತ್ತಿದ್ದರು. ನಿಮ್ಮವರ ಊರು ಎಲ್ಲೂ ಬರೆದಿಲ್ಲದಿದ್ದರೂ ಸಾಕ್ಷಿ ನಿಂತವನ ಊರು ಸಿಗಬಹುದು.

ಹಡಗಿನ ಪಟ್ಟಿ ಅದೃಷ್ಟದ ಮಾತು. ಹ್ಯಾಂಬರ್ಗ್ ಬಂದರಿನಿಂದ ಹೊರಟಿದ್ದರೆ ಒಳ್ಳೆಯದಾಯಿತು. ಅಲ್ಲಿಯ 1850ರಿಂದ 1934ರವರೆಗಿನ ಪಟ್ಟಿಗಳು ಉಳಿದಿವೆ, ಅವುಗಳಲ್ಲಿ ಪ್ರಯಾಣಿಕರ ಊರು ಇರುತ್ತದೆ. ಇಂಗ್ಲೆಂಡಿನಲ್ಲಿ ಹಡಗು ಬದಲಿಸಿ ಹೋದವರ ಪಟ್ಟಿ ಬೇರೆಯೇ ಇದೆ, ಅದನ್ನೂ ನೋಡಿ. ಬ್ರೆಮೆನ್‌ನಿಂದ ಹೊರಟಿದ್ದರೆ ಬೇಸರದ ಸುದ್ದಿ. ಇಡಲು ಜಾಗ ಇಲ್ಲ ಎಂದು ಅಲ್ಲಿಯ ಹಳೆಯ ಪಟ್ಟಿಗಳನ್ನು ಆ ಕಾಲದವರೇ ನಾಶ ಮಾಡಿದರು. ಉಳಿದವುಗಳಲ್ಲಿ ಹೆಚ್ಚಿನವು ಎರಡನೇ ಮಹಾಯುದ್ಧದಲ್ಲಿ ಹೋದವು. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಇಷ್ಟೆಲ್ಲ ಮಾಡಿಯೂ ಊರು ಸಿಗದಿದ್ದರೆ, ಆಗ ಅಪರೂಪದ ಹೆಸರು ನಿಮ್ಮ ಕೈ ಹಿಡಿಯುತ್ತದೆ. ಮುಲ್ಲರ್, ಶ್ಮಿಟ್ ಆಗಿದ್ದರೆ ಈ ದಾರಿ ಇರುತ್ತಲೇ ಇರಲಿಲ್ಲ. ಮೊದಲನೇ ಮಹಾಯುದ್ಧದಲ್ಲಿ ಸತ್ತ, ಗಾಯಗೊಂಡ, ಕಾಣೆಯಾದ ಜರ್ಮನ್ ಸೈನಿಕರ ಪಟ್ಟಿಗಳನ್ನು ಅಲ್ಲಿಯ ವಂಶಾವಳಿ ಆಸಕ್ತರ ಸಂಘವೊಂದು ಇಂಟರ್ನೆಟ್ಟಿಗೆ ಏರಿಸಿದೆ. ದುಡ್ಡು ಕೊಡಬೇಕಿಲ್ಲ. ಲಕ್ಷಗಟ್ಟಲೆ ಹೆಸರುಗಳಿವೆ, ಬಹಳಷ್ಟಕ್ಕೆ ಊರೂ ಇದೆ. ಹಾಳೆಯಲ್ಲಿ ಬರೆದಿಟ್ಟ ರೂಪಗಳನ್ನು ಒಂದೊಂದಾಗಿ ಅಲ್ಲಿ ಹಾಕಿ. ಒಂದು ರೂಪ ಅಕ್ಕಪಕ್ಕದ ನಾಲ್ಕೈದು ಹಳ್ಳಿಗಳಲ್ಲೇ ಮತ್ತೆ ಮತ್ತೆ ಬಂತು ಅಂದರೆ ಅಲ್ಲಿ ನಿಲ್ಲಿ. ಅದೇ ನಿಮ್ಮ ಸೀಮೆ ಆಗಿರಬಹುದು.

ಕೆಲವು ಸೀಮೆಗಳಲ್ಲಿ ಮಾತ್ರ ಹೆಸರೇ ದಾರಿ ತಪ್ಪಿಸುತ್ತದೆ. ವೆಸ್ಟ್‌ಫಾಲಿಯಾದಲ್ಲಿ ಹೊಲಮನೆಗೊಂದು ಹೆಸರು ಇರುತ್ತಿತ್ತು. ಆ ಮನೆಗೆ ಅಳಿಯನಾಗಿ ಬಂದವನು ತನ್ನ ಹೆಸರು ಬಿಟ್ಟು ಮನೆಯ ಹೆಸರು ಇಟ್ಟುಕೊಳ್ಳುತ್ತಿದ್ದ. ಒಡಹುಟ್ಟಿದವರಿಗೇ ಬೇರೆ ಬೇರೆ ಅಡ್ಡಹೆಸರು! ಪುಸ್ತಕದಲ್ಲಿ ಎರಡು ಹೆಸರುಗಳ ನಡುವೆ ಗೆನಾನ್ಟ್ ಎಂಬ ಪದ ಕಂಡರೆ, ಹೀಗೂ ಕರೆಯುತ್ತಾರೆ ಎಂದರ್ಥ. ಪೂರ್ವ ಫ್ರೀಸ್‌ಲ್ಯಾಂಡ್‌ನಲ್ಲಿ ಬಹಳ ಮನೆಗಳಿಗೆ ಕಾಯಂ ಅಡ್ಡಹೆಸರೇ ಇರಲಿಲ್ಲ, ಅಪ್ಪನ ಹೆಸರೇ ಮಗನಿಗೆ ಸೇರುತ್ತಿತ್ತು. 1811ರಲ್ಲಿ ನೆಪೋಲಿಯನ್ ಆಳ್ವಿಕೆಯ ಆಜ್ಞೆ ಬಂದ ಮೇಲೆ ಅದು ಬದಲಾಗತೊಡಗಿತು. ನಮಗೆ ಕನ್ನಡ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟ್ಟೆಲ್ 1832ರಲ್ಲಿ ಹುಟ್ಟಿದ್ದು ಇದೇ ಸೀಮೆಯ ರೆಸ್ಟರ್‌ಹಾಫೆ ಎಂಬ ಪುಟ್ಟ ಊರಿನಲ್ಲಿ.

ಮೊದಲ ಹೆಸರಿನಲ್ಲೂ ಎಚ್ಚರ ಬೇಕು. ಒಂದೇ ಮನೆಯಲ್ಲಿ ಯೋಹಾನ್ ಗಿಯೋರ್ಗ್, ಯೋಹಾನ್ ಫಿಲಿಪ್, ಯೋಹಾನ್ ಯಾಕೋಬ್ ಇರುತ್ತಾರೆ. ಮನೆಯಲ್ಲಿ ಕರೆಯುತ್ತಿದ್ದದ್ದು ಎರಡನೆಯ ಹೆಸರಿನಿಂದ. ಅಮೆರಿಕದಲ್ಲಿ ಜಾರ್ಜ್ ಆಗಿದ್ದವರು ಜರ್ಮನಿಯಲ್ಲಿ ಯೋಹಾನ್ ಎಂದು ದಾಖಲಾಗಿರಬಹುದು.

ಊರು ಸಿಕ್ಕ ಮೇಲೆ ಮೇಯರ್ಸ್ ಎಂಬ ಹಳೆಯ ಊರುಗಳ ಕೋಶದಲ್ಲಿ ಅದನ್ನು ನೋಡಿ. ಆ ಕಾಲದ ಜರ್ಮನಿಯ ಪುಟ್ಟ ಹಳ್ಳಿಗಳೂ ಅದರಲ್ಲಿವೆ, ಚರ್ಚು ಅಲ್ಲೇ ಇತ್ತೋ ಇಲ್ಲವೋ ಅದೂ ತಿಳಿಯುತ್ತದೆ. ಒಂದೇ ಹೆಸರಿನ ಹಲವು ಊರುಗಳಿರುತ್ತವೆ, ಆದ್ದರಿಂದ ಜಿಲ್ಲೆ ನೋಡದೆ ಮುಂದೆ ಹೋಗಬೇಡಿ. ಪ್ರೊಟೆಸ್ಟಂಟ್ ಚರ್ಚಿನ ಪುಸ್ತಕಗಳು ಆರ್ಕಿಯಾನ್ ಎಂಬ ಜಾಲತಾಣದಲ್ಲಿ ಸಿಗುತ್ತವೆ, ಅದಕ್ಕೆ ಹಣ ಕಟ್ಟಬೇಕು. ಕ್ಯಾಥೊಲಿಕ್ ಪುಸ್ತಕಗಳು ಮಾಟ್ರಿಕುಲಾ ಎಂಬ ಜಾಲತಾಣದಲ್ಲಿ ಉಚಿತ. ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ಜಾಲತಾಣ ಕೂಡ ಉಚಿತ. ಎಲ್ಲ ಊರಿನ ಪುಸ್ತಕಗಳೂ ಇವುಗಳಲ್ಲಿ ಇಲ್ಲ. ಊರು ಈಗ ಪೋಲೆಂಡಿನಲ್ಲಿದ್ದರೆ ಹಳೆಯ ಜರ್ಮನ್ ಹೆಸರನ್ನು ಇವತ್ತಿನ ಪೋಲಿಷ್ ಹೆಸರಿಗೆ ಹೊಂದಿಸಿಕೊಂಡು ಅಲ್ಲಿಯ ಪತ್ರಾಗಾರಗಳಲ್ಲಿ ಹುಡುಕಬೇಕು.

ನಿಮ್ಮ ಅಡ್ಡಹೆಸರಿನ ಲಾಂಛನ ಎಂದು ಬಣ್ಣದ ಗುರಾಣಿ ಚಿತ್ರ ಮಾರುವವರು ಸಿಗುತ್ತಾರೆ. ಸುಮ್ನೆ ದುಡ್ಡು ಕಳೆಯಬೇಡಿ. ಒಂದೇ ಅಡ್ಡಹೆಸರು ಇರುವವರೆಲ್ಲ ಒಂದೇ ಮನೆತನದವರಲ್ಲ.

ಕೊನೆಗೆ ಆ ಹಳ್ಳಿಯ ಪುಸ್ತಕದಲ್ಲಿ ಅದೇ ಹೆಸರು ಕಂಡರೂ ಒಮ್ಮೆಲೇ ಒಪ್ಪಿಕೊಳ್ಳಬೇಡಿ. ಹುಟ್ಟಿದ ದಿನ ಹೊಂದಬೇಕು, ಅಪ್ಪ ಅಮ್ಮನ ಹೆಸರು ಹೊಂದಬೇಕು. ಆ ಹುಡುಗ ಅಲ್ಲೇ ಚಿಕ್ಕಂದಿನಲ್ಲಿ ತೀರಿಹೋಗಿದ್ದಾನೆಯೇ ಎಂದು ಸಾವಿನ ಪುಟಗಳನ್ನು ತಿರುವಿ ನೋಡಿ. ವುರ್ಟೆಂಬರ್ಗಿನ ಊರಾಗಿದ್ದರೆ ಚರ್ಚಿನಲ್ಲಿ ಒಂದೊಂದು ಕುಟುಂಬಕ್ಕೂ ಒಂದೊಂದು ಪುಟ ಇಟ್ಟ ಪುಸ್ತಕ ಇರುತ್ತದೆ. ಅದರಲ್ಲಿ ಮಕ್ಕಳ ಹೆಸರಿನ ಪಕ್ಕದ ಖಾಲಿ ಜಾಗ ನೋಡಿ. ನಾಖ್ ಅಮೆರಿಕಾ, ಅಮೆರಿಕಕ್ಕೆ ಹೋದ, ಎಂದು ಪಾದ್ರಿ ಎಷ್ಟೋ ಕಡೆ ಬರೆದಿಟ್ಟಿದ್ದಾರೆ. ಆ ಪುಟ ಸಿಕ್ಕರೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ.